ಪ್ರಭಾರ ಅಕ್ಕ ಮತ್ತು ಐದು ದೇಶಗಳ ಪ್ರವಾಸ

ಗ್ರಾಲ್ಸ್‌ಬಾಖ್ ಊರಿನ ಕ್ಯಾಂಪರ್ ಮಿತ್ರರ ನೋಂದಾಯಿತ ಸಂಘವು ಜರ್ಮನಿ, ಆಸ್ಟ್ರಿಯಾ, ಇಟಲಿ, ಸ್ಲೊವೇನಿಯಾ, ಕ್ರೊಯೇಷಿಯಾ ಎಂಬ ಐದು ದೇಶಗಳ ರಸ್ತೆ ಪ್ರವಾಸವನ್ನು ಕಳೆದ ಸೆಪ್ಟೆಂಬರಿನಲ್ಲಿ ಯಶಸ್ವಿಯಾಗಿ ಪೂರೈಸಿದೆ ಎಂದು ಈ ಮೂಲಕ ಪ್ರಕಟಿಸಲಾಗಿದೆ. ಏಳು ವಾಹನಗಳು, ಹದಿನಾಲ್ಕು ಸದಸ್ಯರು, ಹತ್ತು ದಿನ. ಯಾರಿಗೂ ಗಾಯವಾಗಿಲ್ಲ, ಯಾರ ಹೊಟ್ಟೆಯೂ ಕೆಟ್ಟಿಲ್ಲ, ಯಾರೂ ದಾರಿ ತಪ್ಪಿಲ್ಲ. ಏಳೂ ವಾಹನಗಳ ಮೀಟರು ಸೇರಿಸಿ ನೋಡಿದರೆ ಓಡಿದ ದೂರ ನಾಲ್ಕು ಕಿಲೋಮೀಟರು. ಹೋಗಿಬರಲು ಸಾವಿರದ ಒಂಬೈನೂರು ಕಿಲೋಮೀಟರು ಇರುವ ದಾರಿ ನಾಲ್ಕರಲ್ಲಿ ಮುಗಿದದ್ದು ಹೇಗೆ ಎಂದು ಕೇಳುವವರು ಸಂಘದ ನಿಯಮಾವಳಿಯನ್ನು ಓದಿಲ್ಲ ಎಂದೇ ತಿಳಿಯಬೇಕು. ನಾನು ಓದಿದ್ದೇನೆ. ಅದರಲ್ಲಿ ಅರ್ಧ ಬರೆದವನೂ ನಾನೇ.

ನನ್ನ ಹೆಸರು ಉಲ್ರಿಖ್ ಟೀಮನ್. ಮೂವತ್ತೆಂಟು ವರ್ಷ ಮನೆಮನೆಗೆ ಹೋಗಿ ನೀರಿನ ಮೀಟರು ಓದಿ ನಿವೃತ್ತನಾದವನು, ಈಗ ಸಂಘದ ಕಾರ್ಯದರ್ಶಿ. ಮೂವರು ಜರ್ಮನರು ಒಂದೆಡೆ ಸೇರಿದರೆ ಒಂದು ಸಂಘ ಹುಟ್ಟುತ್ತದೆ ಎಂದು ನಮ್ಮಲ್ಲಿ ಮಾತಿದೆ. ನಾಲ್ಕನೆಯವನು ಬಂದು ಕೂತು ನಡಾವಳಿ ಬರೆಯುತ್ತಾನೆ. ಆ ನಾಲ್ಕನೆಯವನು ನಾನು. ಒಳಗೇ ಮಲಗಿ, ಒಳಗೇ ಕಾಫಿ ಕಾಸಿಕೊಳ್ಳುವಂಥ ಒಂದು ಕ್ಯಾಂಪರ್ ವ್ಯಾನು ನನಗೂ ಇದೆ. ಅದರಲ್ಲಿ ನಾನು ಹೋದ ಅತಿ ದೂರದ ಸ್ಥಳವೆಂದರೆ ಅದನ್ನು ಕೊಂಡ ಅಂಗಡಿ.

ಪ್ರವಾಸದ ಮಾತು ಮೊದಲು ಬಂದದ್ದು ಮೂರು ವರ್ಷದ ಹಿಂದಿನ ವಾರ್ಷಿಕ ಸಭೆಯಲ್ಲಿ. "ಇತರೆ ವಿಷಯಗಳು" ಎಂಬ ಕೊನೆಯ ಬಾಬತ್ತಿಗೆ ಬಂದು ಎಲ್ಲರೂ ಕೋಟು ಹುಡುಕುತ್ತಿದ್ದಾಗ ಗೆರ್ಲಿಂಡೆ ವೀಸ್ನರ್ ಎದ್ದು ನಿಂತರು. ಸಂಘವನ್ನು ಕಟ್ಟಿದ ಹೆಲ್ಮುಟ್ ವೀಸ್ನರ್ ಅವರ ವಿಧವೆ, ಗೌರವ ಸದಸ್ಯೆ. ಆಕೆ ಸಭೆಯಲ್ಲಿ ಬಾಯಿ ಬಿಟ್ಟದ್ದು ಅದೇ ಮೊದಲು.

"ನಮ್ಮಕ್ಕ ಲೋರೆ ಕ್ರೊಯೇಷಿಯಾದಲ್ಲಿ ಸಮುದ್ರದ ದಂಡೇಲಿದ್ದಾಳೆ, ನಿಮಗೆಲ್ಲ ಗೊತ್ತು," ಎಂದರು. "ಬರೋ ಸೆಪ್ಟೆಂಬರ್ ಹದಿನಾಲ್ಕಕ್ಕೆ ಎಂಬತ್ಮೂರು ತುಂಬತ್ತೆ ಅವಳಿಗೆ. ನೋಡಿ ಎಂಟು ವರ್ಷ ಆಯ್ತು. ನಮ್ಮೆಜಮಾನ್ರು ಇದ್ದಾಗ ಕರ್ಕೊಂಡು ಹೋಗ್ತಿದ್ರು. ನಂಗೀಗ ಕಣ್ಣು ಮಂಜು, ಲೈಸೆನ್ಸ್ ವಾಪಸ್ ಕೊಟ್ಬಿಟ್ಟೆ. ನಿಮ್ಮಲ್ಲಿ ಯಾರಾದ್ರೂ ಆ ಕಡೆ ಹೋಗೋದಿದ್ರೆ... ಒಂದು ಸೀಟು..."

ಅಧ್ಯಕ್ಷ ಎಕ್‌ಹಾರ್ಟ್ ಬ್ರೂಗ್ಮನ್ ಮೇಜು ಗುದ್ದಿದರು. ಜಮೀನು ಅಳತೆ ಕಚೇರಿಯಲ್ಲಿ ಮುಖ್ಯಸ್ಥರಾಗಿದ್ದವರು ಅವರು, ಸಣ್ಣದನ್ನು ಸಣ್ಣದಾಗಿ ಬಿಡುವ ಅಭ್ಯಾಸವಿಲ್ಲ. "ಒಂದು ಸೀಟು ಯಾಕಮ್ಮ ಗೆರ್ಲಿಂಡಮ್ಮ? ಹೆಲ್ಮುಟ್ ಕಟ್ಟಿದ ಸಂಘ ಇದು. ಇಡೀ ಸಂಘಾನೇ ನಿಮ್ಮನ್ನ ಕರ್ಕೊಂಡು ಹೋಗತ್ತೆ!"

ಚಪ್ಪಾಳೆ ಬಿತ್ತು. ಗೆರ್ಲಿಂಡೆ ಕಣ್ಣೊರೆಸಿಕೊಂಡರು. ಆಕೆಯ ದಾರಿ ಮುಚ್ಚಿದ್ದು ಆ ಚಪ್ಪಾಳೆಯಲ್ಲೇ ಎಂದು ಈಗ ನನಗೆ ಅನ್ನಿಸುತ್ತದೆ. ಆದರೆ ಅನ್ನಿಸಿದ್ದನ್ನು ನಡಾವಳಿಯಲ್ಲಿ ಬರೆಯುವ ಪದ್ಧತಿ ನಮ್ಮಲ್ಲಿಲ್ಲ.

ಮೊದಲ ವರ್ಷ ನಿಯಮಗಳಿಗೆ ಹೋಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯಬಾರದು ಎನ್ನುವವರು ಕುಲಾವಿಯ ಅಳತೆಗೆ ಸಮಿತಿ ಮಾಡಿ ನೋಡಿದವರಲ್ಲ. ನಿಯಮ ನಾಲ್ಕು: ಸಂಘದ ಪ್ರವಾಸವೆಂದರೆ ಏಳು ವಾಹನ ಮತ್ತು ಹದಿನಾಲ್ಕು ಸದಸ್ಯರು, ಒಬ್ಬರು ಕಡಿಮೆಯಾದರೂ ಅದು ಪ್ರವಾಸವಲ್ಲ, ಅಲೆದಾಟ. ನಿಯಮ ಒಂಬತ್ತು: ಮಧ್ಯಾಹ್ನ ಒಂದರಿಂದ ಮೂರರವರೆಗೆ ವಿಶ್ರಾಂತಿಯ ಹೊತ್ತು, ಯಾವ ದೇಶದಲ್ಲಿದ್ದರೂ ಇಂಜಿನು ನಿಲ್ಲಿಸತಕ್ಕದ್ದು. ಆಸ್ಟ್ರಿಯಾದ ಸುರಂಗದೊಳಗೆ ಒಂದು ಗಂಟೆ ಹೊಡೆದರೆ ಏನು ಮಾಡುವುದೆಂದು ಯಾರೋ ಕೇಳಿದರು. ಅದಕ್ಕೆ ಒಂಬತ್ತು (ಅ) ಸೇರಿಸಲಾಯಿತು: ಸುರಂಗದಲ್ಲಿ ಒಂದು ಗಂಟೆ ಹೊಡೆಯಕೂಡದು.

ಸುರಕ್ಷತೆಯ ಹೊಣೆ ಡೀಟ್ಮಾರ್ ಕ್ಲೋಸ್ ಅವರದು. ಕಾರ್ಖಾನೆಯೊಂದರಲ್ಲಿ ಬೆಂಕಿ ಆರಿಸುವ ಸಿಲಿಂಡರುಗಳನ್ನು ಇಪ್ಪತ್ತೊಂಬತ್ತು ವರ್ಷ ಕಾದು, ಒಂದು ಸಲವೂ ಬೆಂಕಿ ಬೀಳದೆ ನಿವೃತ್ತರಾದ ಕೊರಗು ಅವರಿಗಿದೆ. ಅವರು ಏಳೂ ವಾಹನಗಳ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ತೆರೆಸಿದರು. ಮೂರರಲ್ಲಿ ಬ್ಯಾಂಡೇಜಿನ ಅವಧಿ ಆಗಸ್ಟಿಗೆ ಮುಗಿಯುತ್ತಿತ್ತು.

"ಸೆಪ್ಟೆಂಬರಲ್ಲಿ ನಿಮ್ ಮಂಡಿ ತರಚಿದ್ರೆ ಈ ಬಟ್ಟೆ ಕಟ್ಕೊಳ್ತೀರಾ?" ಎಂದು ಸಭೆಯನ್ನೇ ಕೇಳಿದರು.

ಯಾರಿಗೂ ಧೈರ್ಯ ಬರಲಿಲ್ಲ. ಹೊಸ ಬ್ಯಾಂಡೇಜು ತರಿಸುವ ಹೊತ್ತಿಗೆ ಎರಡು ವಾಹನಗಳ ತಪಾಸಣೆಯ ಗಡುವು ಮೀರಿತು. ತಪಾಸಣೆ ಮಾಡಿಸುವ ಹೊತ್ತಿಗೆ ಆಸ್ಟ್ರಿಯಾದ ಹೆದ್ದಾರಿಗೆಂದು ಗಾಜಿಗೆ ಅಂಟಿಸಿದ್ದ ಹತ್ತು ದಿನದ ಸುಂಕದ ಚೀಟಿ ಮನೆ ಮುಂದೆ ನಿಂತಲ್ಲೇ ಮುಗಿದುಹೋಯಿತು. ಹೊಸ ಚೀಟಿ ಅಂಟಿಸೋಣವೆಂದರೆ ಕ್ಲೋಸ್ ಅವರು, ಎಲ್ಲ ದಾಖಲೆಗಳೂ ಒಂದೇ ದಿನ ಚಾಲ್ತಿಯಲ್ಲಿರುವುದು ಖಾತ್ರಿಯಾದ ಮೇಲೆ ಮಾತ್ರ ಚೀಟಿ ಎಂದರು. ಚೀಟಿಯೂ ಒಂದು ದಾಖಲೆ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಸೆಪ್ಟೆಂಬರ್ ಹದಿನಾಲ್ಕು ಬಂದು ಹೋಯಿತು. ಲೋರೆಗೆ ಎಂಬತ್ತಮೂರು ತುಂಬಿತು. ಗೆರ್ಲಿಂಡೆ ಫೋನಿನಲ್ಲೇ ಹುಟ್ಟುಹಬ್ಬದ ಹಾಡು ಹೇಳಿದರು.

ಎರಡನೆಯ ವರ್ಷವನ್ನು ಆಲೂಗಡ್ಡೆ ಸಲಾಡು ತಿಂದಿತು. ಗುಂಪಿನ ಊಟಕ್ಕೆ ಸಲಾಡು ಎಂಬುದರಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. ಆದರೆ ಉತ್ತರದಿಂದ ಬಂದು ನೆಲೆಸಿದವರು ಅದಕ್ಕೆ ಮೊಟ್ಟೆಯ ಬಿಳಿ ಸಾಸು ಬೇಕೆಂದರು, ದಕ್ಷಿಣದವರು ಬಿಸಿ ಸಾರು ಮತ್ತು ವಿನಿಗರು ಎಂದರು. ಉಪಾಧ್ಯಕ್ಷೆ ರೋಸ್ವಿಟಾ ಹೆಂಕೆ ದಕ್ಷಿಣದವರು. ಇಟಲಿಯ ಬಿಸಿಲಲ್ಲಿ ಬಿಳಿ ಸಾಸು ಹಳಸಿ ಹದಿನಾಲ್ಕೂ ಜನ ಒಂದೇ ಶೌಚಾಲಯದ ಮುಂದೆ ಸಾಲು ನಿಲ್ಲುವ ಚಿತ್ರವನ್ನು ಅವರು ಎಷ್ಟು ಚೆನ್ನಾಗಿ ಬಿಡಿಸಿಟ್ಟರೆಂದರೆ, ಉತ್ತರದವರು ಎದ್ದು ಹೊರನಡೆದರು. ಸಂಧಾನಕ್ಕೆ ಎಂಟು ತಿಂಗಳು ಹಿಡಿಯಿತು. ಕೊನೆಗೆ ಸಲಾಡನ್ನೇ ಕೈಬಿಡಲಾಯಿತು. ಆಗ ಊಟಕ್ಕೆ ಏನು ಎಂಬ ಪ್ರಶ್ನೆ ಎದ್ದಿತು.

ಆ ವರ್ಷದ ಜೂನಿನಲ್ಲಿ ಗೆರ್ಲಿಂಡೆ ಒಂದು ಬೆಳಿಗ್ಗೆ ನನ್ನ ಮನೆಗೆ ಬಂದರು. ಕೈಯಲ್ಲಿ ಪ್ಲಮ್ ಹಣ್ಣಿನ ಕೇಕು.

"ಉಲ್ರಿಖ್, ಒಂದು ಕೇಳ್ತೀನಿ, ತಪ್ಪು ತಿಳ್ಕೋಬೇಡಪ್ಪ. ಪಕ್ಕದೂರಿಂದ ಪ್ರತಿ ಶುಕ್ರವಾರ ಲೋರೆ ಕಡೆಗೆ ಒಂದು ಬಸ್ಸು ಹೊರಡತ್ತಂತೆ. ಕಂಪ್ಯೂಟರಲ್ಲಿ ನೋಡಿ ಎಷ್ಟು ಹೊತ್ತಿಗೆ ಅಂತ ಹೇಳ್ತೀಯಾ? ನಂಗೆ ಅಕ್ಷರ ಕಾಣಲ್ಲ."

"ಬಸ್ಸಾ?" ಎಂದೆ.

"ಸಂಘದವರು ಬೇಜಾರು ಮಾಡ್ಕೊಳ್ಳೋದು ಬೇಡ. ನೀವು ಆಮೇಲೆ ನಿಧಾನವಾಗಿ ಬನ್ನಿ. ನಾನು ಮುಂಚೆ ಹೋಗಿ ಅವಳ ಜೊತೆ ಇರ್ತೀನಿ."

ನಾನು ಕಂಪ್ಯೂಟರಿನಲ್ಲಿ ನೋಡಿದೆ. ಬೆಳಿಗ್ಗೆ ಹನ್ನೊಂದು ಗಂಟೆಗೆ. ಹತ್ತು ಸೆಕೆಂಡಿನ ಕೆಲಸ. ಹೇಳುವುದಕ್ಕೆ ಬಾಯಿ ತೆರೆದವನು, ಒಬ್ಬ ಸದಸ್ಯೆ ಬೇರೆಯಾಗಿ ಹೋದರೆ ಹದಿನಾಲ್ಕು ಹದಿಮೂರಾಗುತ್ತದೆ ಎಂಬುದು ಹೊಳೆದು, "ಇದನ್ನ ಸಮಿತಿ ಮುಂದೆ ಇಡ್ಬೇಕಾಗತ್ತೆ ಗೆರ್ಲಿಂಡಮ್ಮ," ಎಂದೆ. ಆಕೆ ಕೇಕು ಇಟ್ಟು ಹೋದರು. ಕೇಕು ಚೆನ್ನಾಗಿತ್ತು.

ಸಮಿತಿಗೆ ಆಘಾತವಾಯಿತು. ಬ್ರೂಗ್ಮನ್ ಅವರು ಆಕೆಯ ಎರಡೂ ಕೈ ಹಿಡಿದುಕೊಂಡು, "ಗೆರ್ಲಿಂಡಮ್ಮ, ಈ ಇಡೀ ಪ್ರವಾಸ ನಿಮಗೋಸ್ಕರ! ನೀವೇ ಹೊರಟುಹೋದ್ರೆ ನಿಯಮ ನಾಲ್ಕು ಬಿದ್ದೋಗತ್ತೆ, ಅದರ ಮೇಲೆ ನಿಂತಿರೋ ಮೂವತ್ತೊಂದು ನಿರ್ಣಯಾನೂ ಬಿದ್ದೋಗತ್ತೆ. ನೀವು ಅಕ್ಕನ್ನ ನೋಡ್ಬೇಕು ಅಂದ್ರೆ ದಯವಿಟ್ಟು ಹೋಗ್ಬೇಡಿ," ಎಂದರು.

ಆಕೆ ಹೋಗಲಿಲ್ಲ. ನಲವತ್ತು ವರ್ಷ ಸಂಘದ ಅಧ್ಯಕ್ಷನ ಹೆಂಡತಿಯಾಗಿದ್ದವರು, ನಿರ್ಣಯದ ಬೆಲೆ ಬಲ್ಲವರು. ಬಸ್ಸಿನ ವೇಳೆಯ ವಿಚಾರ "ಪರಿಶೀಲನೆಯಲ್ಲಿದೆ" ಎಂದು ನಾನು ನಡಾವಳಿಯಲ್ಲಿ ಬರೆದೆ. ಲೋರೆಗೆ ಎಂಬತ್ನಾಲ್ಕು ತುಂಬಿತು. ಆ ಸಲ ಫೋನಿನಲ್ಲಿ ಲೋರೆ ಏನೆಂದರೆಂದು ಗೆರ್ಲಿಂಡೆ ನಮಗೆ ಹೇಳಲಿಲ್ಲ. ನಾವೂ ಕೇಳಲಿಲ್ಲ, ಅಂದು ಊಟದ ವಿಷಯ ಚರ್ಚೆಯಲ್ಲಿತ್ತು.

ಮೂರನೆಯ ವರ್ಷ ಅಧ್ಯಕ್ಷರು ಕಟ್ಟುನಿಟ್ಟಾದರು. "ಈ ಸಲ ಹೊರಟೇ ಹೊರಡ್ತೀವಿ. ಆದ್ರೆ ಅಭ್ಯಾಸ ಇಲ್ಲದೆ ಯುದ್ಧಕ್ಕೆ ಹೋಗೋಕಾಗಲ್ಲ," ಎಂದು ನಿಯಮ ಇಪ್ಪತ್ಮೂರು ತಂದರು: ಪ್ರತಿಯೊಂದು ಪ್ರವಾಸಕ್ಕೂ ಮೊದಲು ಅದೇ ಪ್ರವಾಸದ ಪೂರ್ಣಾವಧಿ ಪೂರ್ವಾಭ್ಯಾಸ ನಡೆಸತಕ್ಕದ್ದು. ನಮ್ಮೂರಲ್ಲೇ ಗುರಿ ಹೊಡೆಯುವ ಹವ್ಯಾಸಿಗಳ ಬಂದೂಕು ಸಂಘದವರ ವಾಹನ ನಿಲ್ದಾಣವನ್ನು ಹತ್ತು ದಿನಕ್ಕೆ ಪಡೆಯಲಾಯಿತು. ದಿನಾಂಕ ಸೆಪ್ಟೆಂಬರ್ ಐದರಿಂದ ಹದಿನಾಲ್ಕು. ನಿಜವಾದ ಪ್ರವಾಸದ ದಿನಾಂಕವೂ ಅದೇ ಆಗಿತ್ತಲ್ಲ ಎಂದು ಯಾರೂ ಕೇಳಲಿಲ್ಲ. ಕೇಳಬೇಕಾದವನು ಕಾರ್ಯದರ್ಶಿ.

ಬ್ರೂಗ್ಮನ್ ತಮ್ಮ ಹಳೆಯ ಅಳತೆಯ ಟೇಪು ತಂದು, ಸೀಮೆಸುಣ್ಣದಿಂದ ಐದು ದೇಶಗಳನ್ನು ಬರೆದರು. ನಿಲ್ದಾಣದ ಬಾಗಿಲ ಬಳಿ ಜರ್ಮನಿ. ಹಳೆ ಬಾಟಲಿ ಹಾಕುವ ಮೂರು ದೊಡ್ಡ ಡಬ್ಬಿಗಳು ಆಲ್ಪ್ಸ್, ಅದರಾಚೆ ಆಸ್ಟ್ರಿಯಾ. ಇಟಲಿಗೆ ಬಿಸಿಲು ಬೀಳುವ ಮೂಲೆ ಕೊಟ್ಟರು. ಸ್ಲೊವೇನಿಯಾ ಎರಡು ಕಾರು ನಿಲ್ಲುವಷ್ಟಿತ್ತು. ಸೈಕಲ್ ನಿಲ್ಲಿಸುವ ಚಪ್ಪರದ ಕೆಳಗೆ ಕ್ರೊಯೇಷಿಯಾ, ಅದರ ಮುಂದೆ ಸಮುದ್ರವಾಗಿ ನೀಲಿ ಟಾರ್ಪಾಲು. ಗಡಿಯಲ್ಲೆಲ್ಲ ಕ್ಲೋಸ್, ಎಲ್ಲರಿಗೂ ಕಡ್ಡಾಯ ಮಾಡಿದ್ದ ಹಳದಿ ಪಟ್ಟಿಯ ಸುರಕ್ಷತಾ ವೆಸ್ಟು ಹಾಕಿಕೊಂಡು ನಿಂತರು. ಯುರೋಪಿನ ಈ ದೇಶಗಳು ಗಡಿಯ ಬಾಗಿಲು ತೆಗೆದಿಟ್ಟಿದ್ದರೂ ನಾವು ಮೈಮರೆಯಲಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯಲ್ಲಿ ಪೂಜಾರಿಗೂ ಒಂದು ಕರ್ತವ್ಯವಿದೆ.

ನಾನು ಮದುವೆಯಾಗದವನು, ನನ್ನ ವ್ಯಾನಿನ ಎರಡನೆಯ ಸೀಟು ಖಾಲಿ. ಹಗಲಿನ ಪ್ರಯಾಣಕ್ಕೆ ಗೆರ್ಲಿಂಡೆಯನ್ನು ಅದಕ್ಕೆ ಹಂಚಲಾಗಿತ್ತು. ಮಡಿಲಲ್ಲಿ ಒಂದು ಪುಟ್ಟ ಚೀಲ ಇಟ್ಟುಕೊಂಡು, ವೆಸ್ಟು ಹಾಕಿಕೊಂಡು, ಬೆಲ್ಟು ಬಿಗಿದುಕೊಂಡು ಕೂರುತ್ತಿದ್ದರು. ಆಸ್ಟ್ರಿಯಾದಿಂದ ಅವರ ಅಡುಗೆಮನೆಯ ಕಿಟಕಿ ಕಾಣುತ್ತಿತ್ತು. ಬೆಕ್ಕಿಗೆ ಹಾಲು ಹಾಕಲು ದಿನಕ್ಕೆರಡು ಸಲ ಜರ್ಮನಿಗೆ ಹೋಗಿಬರಲು ಅವರಿಗೆ ವಿಶೇಷ ಅನುಮತಿ ಇತ್ತು, ಪ್ರತಿ ಸಲವೂ ಕ್ಲೋಸ್ ಚೀಲ ತೆಗೆಸಿ ನೋಡುತ್ತಿದ್ದರು.

ಪೂರ್ವಾಭ್ಯಾಸ ನಾವು ಎಣಿಸಿದ್ದಕ್ಕಿಂತ ಚೆನ್ನಾಗಿ ನಡೆಯಿತು. ಸುರಂಗವೆಂದು ಗುರುತು ಹಾಕಿದ್ದ ಜಾಗದಲ್ಲಿ ಹನ್ನೊಂದು ನಿಮಿಷ ದೀಪ ಹಾಕಿಕೊಂಡು ಸುಮ್ಮನೆ ನಿಂತೆವು. ಇಟಲಿಗೆ ಐಸ್‌ಕ್ರೀಮಿನ ಗಾಡಿ ಬಂತು. ಒಬ್ಬರು ಅಲ್ಲಿ ಅಂಗಿ ಬಿಚ್ಚಿ ಕೂತದ್ದಕ್ಕೆ ಎಚ್ಚರಿಕೆ ಕೊಡಲಾಯಿತು. ರೋಸ್ವಿಟಾ ಪ್ರತಿ ದೇಶದಿಂದಲೂ ಮೊಮ್ಮಕ್ಕಳಿಗೆ ಕಾರ್ಡು ಬರೆದು, ಎದುರಿಗಿದ್ದ ಅಂಚೆ ಡಬ್ಬಿಗೆ ಹಾಕಿಬಂದರು. "ನಿಜ ಹೇಳ್ಬೇಕಂದ್ರೆ ಹೋದ ಸಲ ಇಟಲಿಗೆ ಹೋದಾಗ ಇಷ್ಟು ಸುಖ ಸಿಕ್ಕಿರ್ಲಿಲ್ಲ. ಸೊಳ್ಳೆ ಇಲ್ಲ, ಕಳ್ಳರಿಲ್ಲ, ಎಲ್ರೂ ನಮ್ ಭಾಷೆ ಮಾತಾಡ್ತಾರೆ," ಎಂದರು. ಎಲ್ಲರೂ ಹೌದೆಂದು ತಲೆಯಾಡಿಸಿದರು.

ಎಂಟನೆಯ ದಿನ ಗೆರ್ಲಿಂಡೆಯ ಫೋನು ಬಡಿದುಕೊಂಡಿತು. ಲೋರೆಗೆ ಕಿವಿ ಮಂದ, ಆದ್ದರಿಂದ ಜೋರಾಗಿ ಕೂಗುತ್ತಾರೆ. ಪಕ್ಕದ ಸೀಟಿನಲ್ಲಿದ್ದ ನನಗೆ ಪೂರ್ತಿ ಕೇಳಿಸಿತು.

"ಎಲ್ಲಿದ್ದೀಯೇ ಲಿಂಡಿ?"

"ಇಟಲಿ ದಾಟ್ತಾ ಇದ್ದೀವಿ ಅಕ್ಕ," ಎಂದರು ಗೆರ್ಲಿಂಡೆ. ಅವರ ದನಿ ಎಷ್ಟು ಸಣ್ಣದಾಗಿತ್ತೆಂದರೆ ನಾನು ಕಿಟಕಿಯ ಹೊರಗೆ ನೋಡಿದೆ.

ಆಗ ಹನ್ನೆರಡು ಹೊಡೆಯಿತು. ನಮ್ಮೂರ ಚರ್ಚಿನ ಗಂಟೆ ಹಿಂದೆಂದೋ ಬಿರುಕು ಬಿಟ್ಟದ್ದು, ಒಡಕು ತಪ್ಪಲೆ ಬಡಿದ ಹಾಗೆ ಸದ್ದು ಮಾಡುತ್ತದೆ. ಲೋರೆ ಹುಟ್ಟಿ ಬೆಳೆದದ್ದು ಅದರ ಬುಡದಲ್ಲಿ.

"ಇಟಲಿಯವರು ನಮ್ಮೂರ ಗಂಟೆ ಯಾವಾಗ ತಗೊಂಡು ಹೋದ್ರೇ?" ಎಂದರು ಲೋರೆ.

ಗೆರ್ಲಿಂಡೆ ಅಳುತ್ತಿದ್ದರು. ಫೋನು ಕಟ್ಟಾಯಿತು. ನಿಯಮಾವಳಿಯಲ್ಲಿ ಇದಕ್ಕೆ ಸಂಬಂಧಿಸಿದ ಯಾವ ನಿಯಮವೂ ನನಗೆ ನೆನಪಾಗಲಿಲ್ಲ, ಆದ್ದರಿಂದ ಇಂಜಿನು ಚಾಲೂ ಮಾಡಿ ವ್ಯಾನನ್ನು ಮೂರು ಮೀಟರು ಮುಂದೆ, ಸ್ಲೊವೇನಿಯಾದ ಕಡೆಗೆ, ತಂದು ನಿಲ್ಲಿಸಿದೆ.

ಹದಿನಾಲ್ಕನೆಯ ತಾರೀಖು ಬೆಳಿಗ್ಗೆ ಹತ್ತಕ್ಕೆ ಸಂಘವು ಕ್ರೊಯೇಷಿಯಾ ಪ್ರವೇಶಿಸಿತು. ಪೂರ್ವಾಭ್ಯಾಸ ಪೂರ್ಣವಾಗಿರಬೇಕೆಂದರೆ ಅಕ್ಕ ತಂಗಿಯರ ಭೇಟಿಯೂ ಅಭ್ಯಾಸವಾಗಬೇಕು. ಅದಕ್ಕಾಗಿ ಹಿಂದಿನ ದಿನವೇ ಒಂದು ಆದೇಶ ಹೊರಡಿಸಲಾಗಿತ್ತು: ಶ್ರೀಮತಿ ರೋಸ್ವಿಟಾ ಹೆಂಕೆ ಅವರು ತಮ್ಮ ಈಗಿನ ಹುದ್ದೆಯ ಜೊತೆಗೆ, ಮುಂದಿನ ಆದೇಶದವರೆಗೆ, ಅಕ್ಕನ ಹೆಚ್ಚುವರಿ ಪ್ರಭಾರವನ್ನೂ ವಹಿಸಿಕೊಳ್ಳತಕ್ಕದ್ದು. ರೋಸ್ವಿಟಾ ಹುಲ್ಲಿನ ಟೋಪಿ ಹಾಕಿಕೊಂಡು, ಭುಜಕ್ಕೆ ಶಾಲು ಹೊದ್ದು, ಟಾರ್ಪಾಲಿನ ಅಂಚಿಗೆ ಮಡಿಸುವ ಕುರ್ಚಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ಕೇಕು, ಅದರ ಮೇಲೆ ಎಂಬತ್ತೈದು ಎಂಬ ಅಂಕೆ.

"ಬನ್ನಿ ಗೆರ್ಲಿಂಡಮ್ಮ, ಅಕ್ಕ ಕಾಯ್ತಾ ಇದ್ದಾರೆ," ಎಂದರು ಬ್ರೂಗ್ಮನ್. "ಮೊದಲು ಎಡಗಡೆ ತಬ್ಬಿಕೊಳ್ಳಿ, ಕ್ಲೋಸ್ ಬಲಗಡೆಯಿಂದ ಫೋಟೋ ತೆಗೀತಾರೆ."

ಗೆರ್ಲಿಂಡೆ ವ್ಯಾನಿನಿಂದ ಇಳಿದು ಎರಡು ಹೆಜ್ಜೆ ಹಾಕಿ ನಿಂತುಬಿಟ್ಟರು.

ಅಷ್ಟರಲ್ಲಿ ರಸ್ತೆಯ ಕಡೆಯಿಂದ ಒಂದು ಕೆಂಪು ಕಾರು ಬಂತು. ಸಣ್ಣದು, ಹಿಂದಿನ ಬಂಪರು ಇಲ್ಲ, ನಂಬರು ಕ್ರೊಯೇಷಿಯಾದ್ದು. ಜರ್ಮನಿಯನ್ನು ಅಡ್ಡಡ್ಡ ಸೀಳಿಕೊಂಡು, ಆಲ್ಪ್ಸ್‌ಗೆ ಒಂದಿಷ್ಟು ಉಜ್ಜಿ, ಇಟಲಿಯನ್ನು ನೋಡದೆಯೇ ದಾಟಿ, ಸಮುದ್ರದ ಮೇಲೆ ಬಂದು ನಿಂತಿತು. ಬಾಗಿಲು ತೆಗೆದು ಒಬ್ಬ ಮುದುಕಿ ಒಂದೊಂದೇ ಕಾಲು ಹೊರಗಿಟ್ಟು ಇಳಿದರು. ಕೈಯಲ್ಲೊಂದು ಅಂಜೂರದ ಬುಟ್ಟಿ.

ಕ್ಲೋಸ್ ಓಡಿಬಂದರು. "ವೆಸ್ಟು ಎಲ್ಲಿ?"

"ಏನದು?" ಎಂದರು ಮುದುಕಿ.

"ಪ್ರಥಮ ಚಿಕಿತ್ಸೆ ಪೆಟ್ಟಿಗೆ?"

ಮುದುಕಿ ಕಾರಿನೊಳಗೆ ಬಗ್ಗಿ, ಮನೆಯಲ್ಲಿ ಇಳಿಸಿದ ಪ್ಲಮ್ ಸಾರಾಯಿಯ ಬಾಟಲಿ ತೆಗೆದು ತೋರಿಸಿದರು. "ಗಾಯಕ್ಕೂ ಇದೇ, ಭಯಕ್ಕೂ ಇದೇ. ನಿನಗೆ ಯಾವುದು ಆಗಿರೋದು?"

ಬ್ರೂಗ್ಮನ್ ಮುಂದೆ ಬಂದು, ಅಳತೆ ಕಚೇರಿಯ ಹಳೆಯ ಗಾಂಭೀರ್ಯದಿಂದ ಕೇಳಿದರು. "ತಾವು ಯಾರು ಅಂತ ತಿಳೀಲಿಲ್ಲ."

"ಲೋರೆ. ಇವಳಕ್ಕ."

"ಕ್ಷಮಿಸಿ. ಅಕ್ಕ ಈಗಾಗಲೇ ಹಾಜರಿದ್ದಾರೆ," ಎಂದು ಅಧ್ಯಕ್ಷರು ಕುರ್ಚಿಯತ್ತ ಕೈ ತೋರಿಸಿದರು.

ಲೋರೆ ರೋಸ್ವಿಟಾ ಅವರನ್ನು ಟೋಪಿಯಿಂದ ಚಪ್ಪಲಿಯವರೆಗೆ ನೋಡಿದರು. "ಅಯ್ಯೋ ದೇವರೇ, ನಾನು ಇಷ್ಟು ದಪ್ಪ ಆಗಿದ್ದು ಯಾವಾಗ?"

ರೋಸ್ವಿಟಾ ಎದ್ದು ನಿಂತರು, ಆಮೇಲೆ ಆದೇಶ ನೆನಪಾಗಿ ಕೂತರು. ಬ್ರೂಗ್ಮನ್ ತಾಳ್ಮೆ ಕಳೆದುಕೊಳ್ಳಲಿಲ್ಲ. ಯೋಜನೆಯ ಪ್ರಕಾರ ಅಕ್ಕ ಕ್ರೊಯೇಷಿಯಾದಲ್ಲಿರಬೇಕಾದವರು, ಆದರೆ ಈ ಮಹಿಳೆ ಬಂದದ್ದು ಜರ್ಮನಿಯ ಬಾಗಿಲಿನಿಂದ. ಆದ್ದರಿಂದ ದಾಖಲೆಯಲ್ಲಿ ಗೊಂದಲವಾಗುತ್ತದೆ. ಕಾರನ್ನು ಹಿಂದಕ್ಕೆ ತೆಗೆದು, ಆಸ್ಟ್ರಿಯಾ, ಇಟಲಿ, ಸ್ಲೊವೇನಿಯಾ ಮೂಲಕ ಕ್ರಮವಾಗಿ ಬಂದರೆ, ಪ್ರಭಾರ ಅಕ್ಕನಿಂದ ನಿಜವಾದ ಅಕ್ಕನಿಗೆ ಅಧಿಕಾರ ಹಸ್ತಾಂತರದ ಬಗ್ಗೆ ವಿಶ್ರಾಂತಿಯ ಹೊತ್ತು ಮುಗಿದ ಮೇಲೆ, ಮೂರು ಗಂಟೆಗೆ, ಸಮಿತಿ ಕೂತು ಯೋಚಿಸಬಹುದು ಎಂದು ತಿಳಿಹೇಳಿದರು.

ಲೋರೆ ಪೂರ್ತಿ ಕೇಳಿಸಿಕೊಂಡರು. ಮಂದ ಕಿವಿಗೆ ಎಷ್ಟು ಬಿತ್ತೋ ಗೊತ್ತಿಲ್ಲ. "ನಿನ್ನೆ ಬೆಳಿಗ್ಗೆ ಹೊರಟೆ," ಎಂದರು. "ಆಸ್ಟ್ರಿಯಾದಲ್ಲಿ ಕಾರಲ್ಲೇ ಸ್ವಲ್ಪ ಮಲಗಿದ್ದೆ. ನಾಕು ಗಡಿ ದಾಟಿದೀನಪ್ಪ, ಒಬ್ಬನೂ ನೀನ್ಯಾರು ಅನ್ನಲಿಲ್ಲ. ಹುಟ್ಟಿದೂರಲ್ಲಿ ನಿಲ್ಸಿ ಕೇಳ್ತಾ ಇದ್ದೀರಿ."

ಗೆರ್ಲಿಂಡೆ ವೆಸ್ಟು ಬಿಚ್ಚಿ, ಒಗೆದ ಬಟ್ಟೆಯನ್ನು ಮಡಿಸುವಂತೆ ನೀಟಾಗಿ ಮಡಿಸಿ, ನನ್ನ ಕೈಗೆ ಕೊಟ್ಟರು.

"ಉಲ್ರಿಖ್, ಶುಕ್ರವಾರದ ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳಿದ್ದೆ. ನೆನಪಿದೆಯೇನಪ್ಪ?"

"ಹನ್ನೊಂದಕ್ಕೆ," ಎಂದೆ.

"ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

ಆಕೆ ಬೈಯಲಿಲ್ಲ. ಬೈದಿದ್ದರೆ ಅದನ್ನು "ಸದಸ್ಯೆಯ ಅಸಮಾಧಾನ" ಎಂದು ಬರೆದು ಮುಗಿಸಬಹುದಿತ್ತು. ನನ್ನ ಕೆನ್ನೆಯನ್ನು ಒಮ್ಮೆ ತಟ್ಟಿ, ಸುಣ್ಣದ ಗೆರೆಯನ್ನು ಕಾಲಿನಿಂದ ಅಳಿಸಿಕೊಂಡೇ ದಾಟಿ ಹೋದರು. ಅಕ್ಕ ತಂಗಿಯರು ಸಮುದ್ರದ ಮಧ್ಯೆ ತಬ್ಬಿಕೊಂಡರು. ಎಡಗಡೆಯಿಂದಲೋ ಬಲಗಡೆಯಿಂದಲೋ ನೋಡಲಾಗಲಿಲ್ಲ, ಕ್ಲೋಸ್ ಫೋಟೋ ತೆಗೆಯಲೂ ಇಲ್ಲ. "ಎಷ್ಟು ಸೊರಗಿದ್ದೀಯೇ," ಎನ್ನುವುದು ಕೇಳಿಸಿತು, ಯಾರು ಯಾರಿಗೆ ಹೇಳಿದ್ದೋ ತಿಳಿಯಲಿಲ್ಲ. ಕಾರು ಗೆರ್ಲಿಂಡೆಯ ಮನೆಯ ಮುಂದೆ ಸ್ವಲ್ಪ ಹೊತ್ತು ನಿಂತಿತು. ಬೆಕ್ಕನ್ನು ಬುಟ್ಟಿಯಲ್ಲಿ ಕೂರಿಸಿಕೊಂಡು ಇಬ್ಬರೂ ದಕ್ಷಿಣಕ್ಕೆ ಹೋದರು. ಅಂಜೂರವನ್ನು ನಮಗೆ ಬಿಟ್ಟು ಹೋಗಿದ್ದರು.

ತುರ್ತು ಸಭೆ ಸೇರಿತು. ಹದಿಮೂರು ಜನ ಉಳಿದಿದ್ದೆವು. ನಿಯಮ ನಾಲ್ಕರ ಪ್ರಕಾರ ಇದು ಪ್ರವಾಸವಲ್ಲ, ಅಲೆದಾಟ; ಹಾಗಾದರೆ ಮೂರು ವರ್ಷವೂ ಅಲೆದಾಟವೇ ಆಗುತ್ತದೆ. ಎಲ್ಲರ ಮುಖ ಬಿಳಿಚಿತು. ಉತ್ತರದವರೊಬ್ಬರು ಆ ಹೊತ್ತಿನಲ್ಲೇ ಬಿಳಿ ಸಾಸಿನ ವಿಷಯ ಮತ್ತೆ ತೆಗೆದರು. ಆಗ ಬ್ರೂಗ್ಮನ್ ಎದ್ದು, "ಅಕ್ಕನಿಗೆ ಪ್ರಭಾರ ಇರಬಹುದಾದ್ರೆ ತಂಗಿಗೆ ಯಾಕಿರಬಾರದು?" ಎಂದರು.

ಅವರು ಸುಮ್ಮನೆ ಅಧ್ಯಕ್ಷರಾದವರಲ್ಲ. ಗೆರ್ಲಿಂಡೆ ಕೂತಿದ್ದ ವಾಹನದ ಚಾಲಕ ಎಂಬ ಕಾರಣಕ್ಕೆ, ಮತ್ತು ಆಕೆಯ ವೆಸ್ಟು ಆಗಲೇ ನನ್ನ ಕೈಯಲ್ಲಿದ್ದುದರಿಂದ, ತಂಗಿಯ ಹೆಚ್ಚುವರಿ ಪ್ರಭಾರವನ್ನು ನನಗೆ ವಹಿಸಲು ಸರ್ವಾನುಮತದಿಂದ ನಿರ್ಣಯಿಸಲಾಯಿತು. ವೆಸ್ಟು ಭುಜಕ್ಕೆ ಬಿಗಿಯಾಯಿತು. ನಾನು ವ್ಯಾನಿನಿಂದ ಇಳಿದು, ಅಳಿಸಿಹೋದ ಗೆರೆ ದಾಟಿ, ಟಾರ್ಪಾಲಿನ ಅಂಚಿನವರೆಗೆ ನಡೆದೆ.

"ಬಂದ್ಯಾ ಲಿಂಡಿ?" ಎಂದರು ಪ್ರಭಾರ ಅಕ್ಕ.

"ಬಂದೆ ಅಕ್ಕ. ತಡ ಆಯ್ತು," ಎಂದೆ.

ಮೊದಲು ಎಡಗಡೆ ತಬ್ಬಿಕೊಂಡೆವು. ನನ್ನನ್ನು ಕೊನೆಯ ಸಲ ಯಾರು ತಬ್ಬಿಕೊಂಡಿದ್ದರು ಎಂದು ನೆನಪಿಸಿಕೊಳ್ಳಲು ನೋಡಿದೆ, ಆಗಲಿಲ್ಲ. ನಾನು ಅತ್ತೆ. ಇದು ಅಭ್ಯಾಸದ ಅಳುವಾಗಿರಲಿಲ್ಲ ಎಂದು ಸ್ಪಷ್ಟಪಡಿಸುತ್ತೇನೆ. ಸದಸ್ಯರೆಲ್ಲ ಮೂಗು ಒರೆಸಿಕೊಂಡರು, ಕ್ಲೋಸ್ ಫೋಟೋ ತೆಗೆದರು, ಎಂಬತ್ತೈದರ ಕೇಕನ್ನು ಹದಿನಾಲ್ಕು ಸಮ ಭಾಗ ಮಾಡಲಾಯಿತು. ನನಗೆ ಎರಡು ಭಾಗ ಬಂತು. ಇಷ್ಟು ಪರಿಪೂರ್ಣವಾಗಿ ನಡೆದದ್ದನ್ನು ಪೂರ್ವಾಭ್ಯಾಸವೆಂದು ಕರೆದು ಅವಮಾನಿಸುವುದು ಬೇಡವೆಂದು, ಅದನ್ನೇ ಪ್ರವಾಸವೆಂದು ಮಾನ್ಯ ಮಾಡಲಾಯಿತು. ಸೂರ್ಯ ಇಳಿಯುವ ಮೊದಲು ನಾವು ಐದು ದೇಶ ದಾಟಿ ಮನೆ ಸೇರಿದೆವು.

ಅಕ್ಟೋಬರಿನಲ್ಲಿ ಸಂಘದ ವಿಳಾಸಕ್ಕೆ ಒಂದು ಕಾರ್ಡು ಬಂತು. ಒಂದು ಕಡೆ ಸಮುದ್ರದ ಚಿತ್ರ. ಇನ್ನೊಂದು ಕಡೆ ದೊಡ್ಡ, ಸೊಟ್ಟ ಅಕ್ಷರ: "ನಾವಿಬ್ಬರೂ ಕ್ಷೇಮ. ಸಮುದ್ರ ನೀಲಿಯಾಗಿದೆ. ಬೆಕ್ಕಿಗೆ ಇಲ್ಲಿನ ಮೀನು ಒಗ್ಗಿದೆ. ಉಲ್ರಿಖ್, ಬಸ್ಸು ಈಗಲೂ ಶುಕ್ರವಾರ ಹನ್ನೊಂದಕ್ಕೇ."

ಅಧ್ಯಕ್ಷರು ಅದನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿದರು. ಇಬ್ಬರೂ ಕ್ಷೇಮ ಎಂಬುದು ಸರಿಯಿದೆ. ರೋಸ್ವಿಟಾ ಮತ್ತು ನಾನು ಅಲ್ಲೇ ಕೂತಿದ್ದೆವು. ಸಮುದ್ರ ನೀಲಿ ಎಂಬುದೂ ಸರಿ, ಟಾರ್ಪಾಲು ಗೋದಾಮಿನಲ್ಲಿದೆ. ಬೆಕ್ಕಿನ ವಿಷಯ ಸಂಘದ ವ್ಯಾಪ್ತಿಗೆ ಬರುವುದಿಲ್ಲ. ಪ್ರವಾಸ ನಿಯಮಾನುಸಾರ ನಡೆದದ್ದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಡವೆಂದು ಕಾರ್ಡನ್ನು ಕಡತಕ್ಕೆ ಸೇರಿಸಲಾಯಿತು. ಕೊನೆಯ ವಾಕ್ಯವನ್ನು ಪರಿಶೀಲಿಸಿ ವರದಿ ಮಾಡಲು ಒಂದು ಉಪಸಮಿತಿ ರಚಿಸಲಾಗಿದೆ. ಅದರ ಸಂಚಾಲಕ ನಾನು.

ಉಪಸಮಿತಿ ಪ್ರತಿ ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಸೇರುತ್ತದೆ. ಆ ವೇಳೆಯನ್ನು ನಾನೇ ನಿಗದಿ ಮಾಡಿದ್ದು, ಯಾರ ಆಕ್ಷೇಪಣೆಯೂ ಬರಲಿಲ್ಲ. ಈವರೆಗೆ ಒಂದು ಸಭೆಯನ್ನೂ ಯಾರೂ ತಪ್ಪಿಸಿಕೊಂಡಿಲ್ಲ. ತಂಗಿಯ ಪ್ರಭಾರ ಇನ್ನೂ ನನ್ನಲ್ಲೇ ಇರುವುದರಿಂದ, ಹಾಜರಿ ಪುಸ್ತಕದಲ್ಲಿ ಗೆರ್ಲಿಂಡೆಯ ಸಹಿಯನ್ನೂ ನಾನೇ ಹಾಕುತ್ತೇನೆ.